ಹೂವಿನಹಡಗಲಿಯಲ್ಲಿ ಹುಟ್ಟಿದ ರಾವ್: ಊರಿನ ಆಡಳಿತಕ್ಕೂ ಅಧ್ಯಾಪಕರಿಗೂ ಒಂದು ಬಹಿರಂಗ ಪತ್ರ

ಹೂವಿನಹಡಗಲಿ ಪುರಸಭೆಯ ಅಧ್ಯಕ್ಷರು ಮತ್ತು ಸದಸ್ಯರಿಗೆ,
ವಿಜಯನಗರ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ,
ಹಾಗೂ ತಾಲೂಕಿನ ಶಾಲಾ ಕಾಲೇಜುಗಳ ಗಣಿತ ಅಧ್ಯಾಪಕ ಮಿತ್ರರಿಗೆ

ಮಾನ್ಯರೇ,

ನಾನು ಬಿ.ಎಸ್ಸಿ. ತರಗತಿಗಳಿಗೆ ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಕಲಿಸಿ ನಿವೃತ್ತನಾದವನು. ಪಠ್ಯಕ್ರಮದಲ್ಲಿ ‘ಕ್ರೇಮರ್–ರಾವ್ ಅಸಮತೆ’ ಎಂಬುದೊಂದು ಪಾಠವಿರುತ್ತಿತ್ತು. ಅದನ್ನು ಕಪ್ಪು ಹಲಗೆಯ ಮೇಲೆ ನಾಲ್ಕು ಸಾಲಿನಲ್ಲಿ ಸಾಧಿಸಿ, ಪರೀಕ್ಷೆಗೆ ಬರುತ್ತದೆ ಎಂದು ಎಚ್ಚರಿಸಿ, ಮುಂದಿನ ಪಾಠಕ್ಕೆ ಹೋಗುವುದು ನನ್ನ ರೂಢಿಯಾಗಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಯಾವ ರಾವ್, ಸರ್?" ಎಂದು ಕೇಳಿದಳು. ನನಗೆ ಗೊತ್ತಿದ್ದದ್ದು ಅವರು ಭಾರತೀಯರು ಎಂಬುದಷ್ಟೇ, ಕಲ್ಕತ್ತೆಯವರಿರಬೇಕು ಎಂದೆ. ಆ ಹುಡುಗಿಯ ಊರಿನ ಹೆಸರನ್ನು ಹಾಜರಿ ಪುಸ್ತಕದಲ್ಲಿ ದಿನವೂ ನೋಡುತ್ತಿದ್ದೆ. ಅವಳು ಹಡಗಲಿಯವಳು. ಕಲ್ಯಂಪೂಡಿ ರಾಧಾಕೃಷ್ಣ ರಾವ್ 1920ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ಅವಳ ಊರಿನಲ್ಲಿಯೇ ಎಂಬುದು ನನಗೆ ತಿಳಿದದ್ದು ಅವಳು ಪದವಿ ಮುಗಿಸಿ ಹೋದ ಮೇಲೆ. ಈ ಪತ್ರ ಒಂದು ರೀತಿಯಲ್ಲಿ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಪ್ರತಿಮೆ ನಿಲ್ಲಿಸಿ, ವೃತ್ತಕ್ಕೆ ಹೆಸರಿಡಿ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ರಾವ್ ಅವರನ್ನು ಕನ್ನಡಿಗರೆಂದು ಹೇಳಿಕೊಳ್ಳಲೂ ನಮಗೆ ಆಧಾರವಿಲ್ಲ. ಅವರ ಮನೆಮಾತು ತೆಲುಗು. ತಂದೆ ಪೊಲೀಸ್ ಇಲಾಖೆಯ ಅಪರಾಧ ತನಿಖೆಯ ವಿಭಾಗದಲ್ಲಿದ್ದವರು. ವರ್ಗಾವಣೆಯ ನೌಕರಿಯಾದ್ದರಿಂದ ಸಂಸಾರ ಊರಿಂದೂರಿಗೆ ಹೋಗುತ್ತಿತ್ತು. ಆಗ ಹಡಗಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ, ವಿಜಯನಗರ ಬೇರೆ ಜಿಲ್ಲೆಯಾದದ್ದು 2021ರಲ್ಲಿ. ಹತ್ತು ಮಕ್ಕಳಲ್ಲಿ ಎಂಟನೆಯವನಾಗಿ ಹುಟ್ಟಿದ್ದರಿಂದ, ದೇವಕಿಯ ಎಂಟನೆಯ ಮಗನ ನೆನಪಿನಲ್ಲಿ, ಮಗುವಿಗೆ ರಾಧಾಕೃಷ್ಣ ಎಂದು ಹೆಸರಿಟ್ಟರು. ಅವರ ಶಾಲೆಯ ಓದು ಗೂಡೂರು, ನೂಜಿವೀಡು, ನಂದಿಗಾಮಗಳಲ್ಲಿ ಸಾಗಿ ವಿಶಾಖಪಟ್ಟಣದಲ್ಲಿ ನೆಲೆಗೊಂಡಿತು. ಹಡಗಲಿಗೆ ಅವರ ಮೇಲಿರುವುದು ಜನ್ಮಭೂಮಿಯ ಹಕ್ಕು ಮಾತ್ರ, ಅದೂ ಸರ್ಕಾರಿ ವರ್ಗಾವಣೆಯ ಆದೇಶದಿಂದ ಬಂದ ಹಕ್ಕು. ಅದಕ್ಕಿಂತ ಹೆಚ್ಚಿನದು ಬೇಕೆಂದರೆ ಊರು ಅದನ್ನು ಸಂಪಾದಿಸಿಕೊಳ್ಳಬೇಕು. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ತಾಯಿ ಲಕ್ಷ್ಮೀಕಾಂತಮ್ಮನವರು ಬೆಳಗಿನ ಜಾವ ನಾಲ್ಕು ಗಂಟೆಗೆ ಮಗನನ್ನು ಎಬ್ಬಿಸಿ, ಎಣ್ಣೆಯ ದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದರಂತೆ. ಮುಂದೆ ಪುಸ್ತಕವೊಂದನ್ನು ತಾಯಿಗೆ ಅರ್ಪಿಸುವಾಗ ರಾವ್ ಅವರು ನೆನೆದದ್ದು ಆ ದೀಪವನ್ನೇ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಪದವಿಯನ್ನು ಮೊದಲ ದರ್ಜೆಯಲ್ಲಿ, ಮೊದಲ ಸ್ಥಾನದಲ್ಲಿ ಮುಗಿಸಿದಾಗ ಅವರಿಗೆ ಇನ್ನೂ ಇಪ್ಪತ್ತು ವರ್ಷ. ಸಂಶೋಧನೆಯ ವಿದ್ಯಾರ್ಥಿವೇತನಕ್ಕೆ ಹಾಕಿದ ಅರ್ಜಿ ತಡವಾಗಿ ತಲುಪಿತೆಂಬ ಕಾರಣಕ್ಕೆ ತಿರಸ್ಕೃತವಾಯಿತು. ಯುದ್ಧದ ಕಾಲ; ಸೈನ್ಯದ ಸರ್ವೇ ಘಟಕವೊಂದಕ್ಕೆ ಗಣಿತಜ್ಞರು ಬೇಕಾಗಿದ್ದಾರೆಂದು ಕೇಳಿ ಸಂದರ್ಶನಕ್ಕೆಂದು ಕಲ್ಕತ್ತೆಗೆ ಹೋದರು. ಆ ಕೆಲಸವೂ ಸಿಗಲಿಲ್ಲ. ಅಲ್ಲಿ ತಂಗಿದ್ದ ಹೋಟೆಲಿನಲ್ಲಿ ಪರಿಚಯವಾದ ದಕ್ಷಿಣದವರೊಬ್ಬರು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ತರಬೇತಿಗೆಂದು ಬಂದವರಾಗಿದ್ದರು. ಅವರ ಬಾಯಿಂದ ಆ ಸಂಸ್ಥೆಯ ವಿಷಯ ಕೇಳಿ, ಪ್ರಶಾಂತ ಚಂದ್ರ ಮಹಲನೋಬಿಸ್ ಅವರು ಆಗ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ನಡೆಸುತ್ತಿದ್ದ ಆ ಸಂಸ್ಥೆಗೆ 1941ರ ಜನವರಿಯಲ್ಲಿ ಸೇರಿದರು. ಇಪ್ಪತ್ತನೆಯ ಶತಮಾನದ ದೊಡ್ಡ ವಿಜ್ಞಾನಿಯೊಬ್ಬರ ದಾರಿ ತೆರೆದುಕೊಂಡದ್ದು ಒಂದು ತಡವಾದ ಅರ್ಜಿ, ಒಂದು ಸಿಗದ ನೌಕರಿ ಮತ್ತು ಊಟದ ಹೋಟೆಲಿನ ಒಂದು ಮಾತುಕತೆಯಿಂದ. ಆಕಸ್ಮಿಕವನ್ನೇ ಅಭ್ಯಾಸ ಮಾಡಿದವರ ಬದುಕಿಗೆ ಇದು ತಕ್ಕ ಆರಂಭ ಎಂದು ನನಗೆ ಅನ್ನಿಸುತ್ತದೆ.

ಕಲ್ಕತ್ತಾ ವಿಶ್ವವಿದ್ಯಾಲಯ ಅದೇ ಸುಮಾರಿಗೆ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ತರಗತಿಯನ್ನು ತೆರೆಯಿತು. ಮೊದಲ ತಂಡದ ವಿದ್ಯಾರ್ಥಿಯಾಗಿ ರಾವ್ 1943ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಬಂದೊಡನೆ ಅಲ್ಲಿಯೇ ಪಾಠ ಹೇಳತೊಡಗಿದರು. ಅಧ್ಯಾಪಕ ಮಿತ್ರರು ವಿಶೇಷವಾಗಿ ಗಮನಿಸಬೇಕಾದ ಘಟನೆ ನಡೆದದ್ದು ಆಗ. ಇಂಗ್ಲೆಂಡಿನ ರೊನಾಲ್ಡ್ ಫಿಷರ್ ತೋರಿಸಿದ್ದ ಒಂದು ಫಲಿತಾಂಶವನ್ನು ರಾವ್ ತರಗತಿಯಲ್ಲಿ ವಿವರಿಸುತ್ತಿದ್ದರು. ನಮ್ಮ ಬಳಿಯಿರುವ ಮಾಪನಗಳ ಸಂಖ್ಯೆ ಅಪಾರವಾಗಿ ಬೆಳೆಯುತ್ತಾ ಹೋದಾಗ, ಅಂದಾಜಿನ ನಿಖರತೆಗೆ ಇಂತಿಷ್ಟು ಎಂಬ ಮಿತಿ ಇರುತ್ತದೆ ಎಂಬುದು ಅದರ ತಿರುಳು. ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ. ಎಂ. ದಾಂಡೇಕರ್ ಆ ತರಗತಿಯಲ್ಲಿ ವಿದ್ಯಾರ್ಥಿಯಾಗಿದ್ದರು. ಮಾಪನಗಳು ಕೆಲವೇ ಇದ್ದಾಗಲೂ ಇಂಥದ್ದೊಂದು ಮಿತಿಯನ್ನು ಹೇಳಬಹುದೇ ಎಂದು ಅವರು ಕೇಳಿದರು. ರಾವ್ ಬಳಿ ಉತ್ತರವಿರಲಿಲ್ಲ. ಮನೆಗೆ ಹೋಗಿ ರಾತ್ರಿ ಕುಳಿತು ಸಾಧಿಸಿ ಮರುದಿನ ತರಗತಿಯಲ್ಲಿ ಉತ್ತರ ಹೇಳಿದರು. ನನ್ನ ತರಗತಿಯ ಪ್ರಶ್ನೆಗೆ ನಾನು "ಕಲ್ಕತ್ತೆಯವರಿರಬೇಕು" ಎಂದು ಹೇಳಿ ಮುಗಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನಾಚಿಕೆಯಾಗುತ್ತದೆ.

ಆ ಉತ್ತರ 1945ರಲ್ಲಿ ಕಲ್ಕತ್ತಾ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ, 37ನೆಯ ಸಂಪುಟದ 81ರಿಂದ 91ನೆಯ ಪುಟಗಳಲ್ಲಿ ಅಚ್ಚಾಯಿತು. ಹನ್ನೊಂದೇ ಪುಟ. ಅದರಲ್ಲಿ ಏನಿದೆ ಎಂಬುದನ್ನು ಸಮೀಕರಣಗಳಿಲ್ಲದೆ ಹೇಳಲು ಸಾಧ್ಯವೆಂದು ನಾನು ನಂಬಿದ್ದೇನೆ, ಆದ್ದರಿಂದ ನಿಮ್ಮ ಊರಿನ ಹೂವಿನ ಮಾರುಕಟ್ಟೆಯ ತಕ್ಕಡಿಯನ್ನೇ ತೆಗೆದುಕೊಳ್ಳುತ್ತೇನೆ. ಮಲ್ಲಿಗೆ ಮೊಗ್ಗು ಬಾಡುತ್ತಾ ತೂಕ ಕಳೆದುಕೊಳ್ಳುವುದರಿಂದ ಒಂದು ಕಬ್ಬಿಣದ ತುಂಡನ್ನು ತೂಗೋಣ. ಎಷ್ಟೇ ಒಳ್ಳೆಯ ತಕ್ಕಡಿಯಾದರೂ ಅದೇ ತುಂಡನ್ನು ಮತ್ತೆ ಮತ್ತೆ ಇಟ್ಟಾಗ ಒಂದಿಷ್ಟು ಹೆಚ್ಚುಕಡಿಮೆ ತೋರಿಸುತ್ತದೆ. ಆ ಹೆಚ್ಚುಕಡಿಮೆಯ ಮಾನಕ ವಿಚಲನೆ, ಅಂದರೆ ತೂಕಗಳು ಎಷ್ಟು ಚದುರುತ್ತವೆ ಎಂಬುದರ ಅಳತೆ, 5 ಗ್ರಾಂ ಎಂದೂ, ದೋಷಗಳು ಪಠ್ಯಪುಸ್ತಕದ ಗಂಟೆಯಾಕಾರದ ರೇಖೆಯಂತೆ ಹರಡಿವೆ ಎಂದೂ ಇಟ್ಟುಕೊಳ್ಳೋಣ. 25 ಸಲ ತೂಗಿ 25 ಸಂಖ್ಯೆಗಳನ್ನು ಬರೆದುಕೊಂಡೆವು. ನಿಜವಾದ ತೂಕವನ್ನು ಇವುಗಳಿಂದ ಹೇಗೆ ಹೇಳುವುದು? ಸರಾಸರಿ ತೆಗೆಯಬಹುದು, ಏರಿಕೆಯ ಕ್ರಮದಲ್ಲಿಟ್ಟು ನಟ್ಟನಡುವಿನದನ್ನು ಆರಿಸಬಹುದು, ತೀರ ದೊಡ್ಡದನ್ನೂ ತೀರ ಚಿಕ್ಕದನ್ನೂ ಬಿಟ್ಟು ಉಳಿದವನ್ನು ಕೂಡಬಹುದು. ಜಾಣರು ಇನ್ನೂ ನೂರು ಉಪಾಯ ಹುಡುಕಬಹುದು. ರಾವ್ ಹೇಳಿದ್ದು ಇಷ್ಟು: ನಿಮ್ಮ ಉಪಾಯ ಯಾವುದೇ ಆಗಿರಲಿ, ಅದು ಹೆಚ್ಚಿನ ಕಡೆಗೋ ಕಡಿಮೆಯ ಕಡೆಗೋ ವಾಲದ ಉಪಾಯವಾಗಿದ್ದರೆ, ಅದು ಕೊಡುವ ಉತ್ತರದ ವಿಚಲನೆ 1 ಗ್ರಾಂಗಿಂತ ಕೆಳಗೆ ಇಳಿಯುವುದಿಲ್ಲ. ಆ 25 ಸಂಖ್ಯೆಗಳಲ್ಲಿ ಅಡಗಿರುವ ಮಾಹಿತಿಯೇ ಅಷ್ಟು, ಅದಕ್ಕಿಂತ ಹೆಚ್ಚಿನದನ್ನು ಯಾವ ಜಾಣತನವೂ ಹಿಂಡಿ ತೆಗೆಯಲಾರದು. ಈ ಉದಾಹರಣೆಯಲ್ಲಿ ಸರಾಸರಿ ಆ ಮಿತಿಯನ್ನು ಸರಿಯಾಗಿ ಮುಟ್ಟುತ್ತದೆ, ಆದ್ದರಿಂದ ಅದಕ್ಕಿಂತ ಉತ್ತಮವಾದದ್ದನ್ನು ಹುಡುಕುತ್ತಾ ಕೂರುವುದು ವ್ಯರ್ಥ.

ಅದೇ ಲೇಖನದಲ್ಲಿ ಎರಡನೆಯ ಮಾತೊಂದಿದೆ. ಯಾರೋ ಒಬ್ಬರು ಸೋಮಾರಿತನದಿಂದ ಮೊದಲ ಸಲದ ತೂಕವನ್ನೇ ಉತ್ತರವೆಂದು ಬರೆದುಕೊಂಡರು ಎನ್ನಿ. ಅದು ವಾಲಿದ ಅಂದಾಜಲ್ಲ, ಆದರೆ ಒರಟು. ನಮಗೆ 25 ತೂಕಗಳ ಮೊತ್ತ ಮಾತ್ರ ಗೊತ್ತಿದ್ದರೆ ಆ ಮೊದಲ ತೂಕ ಎಷ್ಟಿರಬಹುದೆಂದು ನಿರೀಕ್ಷಿಸುತ್ತೇವೆ ಎಂದು ಕೇಳಿಕೊಂಡರೆ, ಉತ್ತರವಾಗಿ ಬರುವುದು ಸರಾಸರಿಯೇ. ಹೀಗೆ ಒರಟಾದ ಯಾವ ಅಂದಾಜನ್ನಾದರೂ, ಮಾಹಿತಿಯನ್ನೆಲ್ಲ ಹಿಡಿದಿಟ್ಟಿರುವ ಸಾರಾಂಶವೊಂದರ ಮೂಲಕ ಸೋಸಿ ತೆಗೆದರೆ, ಅದು ಉತ್ತಮಗೊಳ್ಳಬಹುದೇ ಹೊರತು ಕೆಡುವುದಿಲ್ಲ. ಅಮೆರಿಕದ ಡೇವಿಡ್ ಬ್ಲ್ಯಾಕ್‌ವೆಲ್ 1947ರಲ್ಲಿ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡಿದ್ದರಿಂದ ಇದಕ್ಕೆ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯವೆಂಬ ಹೆಸರು ಬಂತು. ಮೂರನೆಯದು, ಎರಡು ಸಂಭಾವ್ಯತಾ ಹಂಚಿಕೆಗಳ ನಡುವೆ ದೂರವನ್ನು ಅಳೆಯುವ ಜ್ಯಾಮಿತಿ. ಅದರ ಬೆಲೆ ಹಲವು ದಶಕಗಳ ಕಾಲ ಹೆಚ್ಚಿನವರಿಗೆ ತಿಳಿಯಲಿಲ್ಲ, ಇಂದು ಮಾಹಿತಿ ಜ್ಯಾಮಿತಿ ಎಂಬ ಪೂರ್ಣ ಶಾಖೆಯೇ ಅದರಿಂದ ಬೆಳೆದಿದೆ, ಯಂತ್ರಗಳಿಗೆ ಕಲಿಸುವ ವಿಧಾನಗಳಲ್ಲಿಯೂ ಅದು ಬಳಕೆಯಲ್ಲಿದೆ. ಒಬ್ಬ ಇಪ್ಪತ್ತೈದರ ತರುಣ ಹನ್ನೊಂದು ಪುಟಗಳಲ್ಲಿ ಮೂರು ಬೀಜಗಳನ್ನು ಬಿತ್ತಿದ್ದ.

ನ್ಯಾಯಕ್ಕಾಗಿ ಒಂದು ಮಾತನ್ನು ಸೇರಿಸಬೇಕು. ಆ ಅಸಮತೆಯನ್ನು ಫ್ರಾನ್ಸಿನ ಮೋರಿಸ್ ಫ್ರೆಶೆ 1943ರಲ್ಲಿಯೇ ಬರೆದಿದ್ದರು, ಸ್ವೀಡನ್ನಿನ ಹೆರಾಲ್ಡ್ ಕ್ರೇಮರ್ 1946ರ ತಮ್ಮ ಗ್ರಂಥದಲ್ಲಿ ಬರೆದರು. ಯುದ್ಧದಿಂದಾಗಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಲುಪುತ್ತಿರಲಿಲ್ಲ. ನಾಡಿನ ಅಭಿಮಾನದ ಭರದಲ್ಲಿ ಇಂಥದ್ದನ್ನು ಬಿಟ್ಟುಬಿಡುವುದು ನಮ್ಮ ಸಭೆಗಳಲ್ಲಿ ಸಾಮಾನ್ಯ, ದಯವಿಟ್ಟು ಬಿಡಬೇಡಿ. ಹೇಳಿದರೆ ರಾವ್ ಅವರಿಗೇನೂ ಕಡಿಮೆಯಾಗುವುದಿಲ್ಲ.

1946ರಲ್ಲಿ ಅವರು ಕೇಂಬ್ರಿಜ್‌ಗೆ ಹೋದದ್ದು ಪದವಿಗೆಂದಲ್ಲ. ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಪಂಜರಗಳು ಕೇಂಬ್ರಿಜ್‌ನ ವಸ್ತುಸಂಗ್ರಹಾಲಯದಲ್ಲಿದ್ದವು. ಅವುಗಳ ಅಳತೆಗಳಿಂದ ಆ ಜನರಿಗೂ ನೆರೆಯ ಜನಗಳಿಗೂ ಇದ್ದ ಸಂಬಂಧವನ್ನು ಕಂಡುಹಿಡಿಯಲು ಹಲವು ಅಳತೆಗಳನ್ನು ಒಟ್ಟಿಗೆ ನೋಡಿ ಎರಡು ಗುಂಪುಗಳ ಅಂತರ ಹೇಳುವ ಮಹಲನೋಬಿಸರ ‘ದೂರ’ದ ವಿಧಾನ ಬಲ್ಲವರು ಬೇಕಾಗಿದ್ದರು. ಹಗಲು ಆ ಕೆಲಸ ಮಾಡುತ್ತಾ, ಫಿಷರ್ ಅವರ ಇಲಿಗಳ ತಳಿವಿಜ್ಞಾನ ಪ್ರಯೋಗಾಲಯದಲ್ಲಿಯೂ ದುಡಿಯುತ್ತಾ, ಅವರ ಮಾರ್ಗದರ್ಶನದಲ್ಲಿಯೇ 1948ರಲ್ಲಿ ಪಿಎಚ್.ಡಿ. ಪಡೆದು ಹಿಂದಿರುಗಿದರು. ಊಹೆಯೊಂದು ಮಾಪನಗಳಿಗೆ ಹೊಂದುತ್ತದೆಯೇ ಎಂದು ನೋಡಲು ಅದೇ ವರ್ಷ ಅವರು ಪ್ರಕಟಿಸಿದ ‘ಸ್ಕೋರ್ ಪರೀಕ್ಷೆ’ಯನ್ನು ಇಂದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬೇರೆ ಹೆಸರಿನಿಂದ ಕಲಿಯುತ್ತಾರೆ. 1947ರಲ್ಲಿ ವಿವರಿಸಿದ ‘ಲಂಬ ಸರಣಿ’ಗಳು ಕಡಿಮೆ ಪ್ರಯೋಗಗಳಲ್ಲಿ ಹೆಚ್ಚು ಅಂಶಗಳನ್ನು ಪರೀಕ್ಷಿಸುವ ದಾರಿಯಾಗಿ ಜಪಾನಿನ ಕಾರ್ಖಾನೆಗಳ ಗುಣಮಟ್ಟ ನಿಯಂತ್ರಣದವರೆಗೂ ತಲುಪಿದವು.

ಮೂವತ್ತು ತುಂಬುವ ಮೊದಲೇ ಪ್ರೊಫೆಸರ್ ಆದ ರಾವ್, ಮುಂದಿನ ಸುಮಾರು ಮೂರು ದಶಕ ಕಲ್ಕತ್ತೆಯ ಆ ಸಂಸ್ಥೆಯಲ್ಲಿಯೇ ಉಳಿದರು. 1959ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಸಂಸ್ಥೆಗೆ ಪದವಿ ಕೊಡುವ ಅಧಿಕಾರ ಬಂದ ಮೇಲೆ ಪದವಿ ತರಗತಿಗಳು ಆರಂಭವಾದವು. ಶ್ರೀನಿವಾಸ ವರದನ್ 1963ರಲ್ಲಿ ಪಿಎಚ್.ಡಿ. ಪಡೆದದ್ದು ರಾವ್ ಅವರ ಮಾರ್ಗದರ್ಶನದಲ್ಲಿ, 2007ರಲ್ಲಿ ಗಣಿತದ ಆಬೆಲ್ ಪ್ರಶಸ್ತಿ ವರದನ್ ಅವರಿಗೆ ಬಂತು. ವರದನ್, ಕೆ. ಆರ್. ಪಾರ್ಥಸಾರಥಿ, ವಿ. ಎಸ್. ವರದರಾಜನ್, ಆರ್. ರಂಗರಾವ್ ಎಂಬ ನಾಲ್ವರು ಹುಡುಗರು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡು ಬೆಳೆದದ್ದು ಅಲ್ಲಿ. ರಾವ್ ಅವರು ಅವರನ್ನು ತಮ್ಮ ವಿಷಯಕ್ಕೆ ಕಟ್ಟಿಹಾಕದೆ ಶುದ್ಧ ಸಂಭಾವ್ಯತೆಯ ಕಡೆಗೆ ಹೋಗಲು ಬಿಟ್ಟರು. ಒಬ್ಬ ಅಧ್ಯಾಪಕನಾಗಿ ಹೇಳುವುದಾದರೆ, ಪ್ರಮೇಯ ಸಾಧಿಸುವುದಕ್ಕಿಂತ ಇದು ಕಷ್ಟ. 1972ರಲ್ಲಿ ಮಹಲನೋಬಿಸ್ ತೀರಿಕೊಂಡ ಮೇಲೆ ನಾಲ್ಕು ವರ್ಷ ಸಂಸ್ಥೆಯ ಹೊಣೆಯನ್ನೂ ಹೊತ್ತರು.

1979ರಲ್ಲಿ, ನಮ್ಮಲ್ಲಿ ಪಿಂಚಣಿ ಕಾಗದ ಜೋಡಿಸುವ ವಯಸ್ಸಿನಲ್ಲಿ, ಅವರು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದರು. 1988ರಿಂದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದು, ಅಲ್ಲಿಂದ ನಿವೃತ್ತರಾದದ್ದು 2001ರಲ್ಲಿ, ಎಂಬತ್ತು ದಾಟಿದ ಮೇಲೆ. ಪ್ರಶಸ್ತಿಗಳ ಪಟ್ಟಿಯನ್ನು ಇಲ್ಲಿ ಒಪ್ಪಿಸುವುದಿಲ್ಲ. ಪದ್ಮವಿಭೂಷಣವೂ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕವೂ ಅದರಲ್ಲಿ ಸೇರಿವೆ. 2023ರ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದದ್ದು 1945ರ ಆ ಹನ್ನೊಂದು ಪುಟಗಳಿಗೆ, ಎಪ್ಪತ್ತೆಂಟು ವರ್ಷಗಳ ನಂತರ. ಅದೇ ಆಗಸ್ಟ್ 22ರಂದು ಅವರು ತೀರಿಕೊಂಡರು. 103 ತುಂಬಲು ಹತ್ತೊಂಬತ್ತು ದಿನ ಉಳಿದಿತ್ತು.

ಇನ್ನು ನಿಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಹೈದರಾಬಾದಿನಲ್ಲಿ ಅವರ ಹೆಸರಿನ ರಸ್ತೆಯಿದೆ, ಅವರ ಹೆಸರಿನ ಸಂಶೋಧನಾ ಸಂಸ್ಥೆಯಿದೆ. ಹೈದರಾಬಾದಿನೊಡನೆ ಪೈಪೋಟಿ ಮಾಡುವ ಅಗತ್ಯ ಹಡಗಲಿಗಿಲ್ಲ. ಹಡಗಲಿಗೆ ಇರುವುದು ಬೇರೆಯೇ ಆದ ಒಂದು ಅನುಕೂಲ. ನಿಮ್ಮ ತಾಲೂಕಿನದೇ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವಿದ್ದ ಗೊರವಯ್ಯನವರು ಡೆಂಕನ ಮರಡಿಯಲ್ಲಿ ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಅಷ್ಟು ಜನಸಾಗರವೂ ನಿಶ್ಶಬ್ದವಾಗುತ್ತದೆ. ಬರುವ ವರ್ಷದ ಮಳೆ ಬೆಳೆ ರಾಜಕೀಯಗಳಿಗೆಲ್ಲ ಒಂದೇ ಸಾಲಿನ ಕಾರ್ಣಿಕ. ಆಮೇಲೆ ತಿಂಗಳುಗಟ್ಟಲೆ ಅದರ ಅರ್ಥದ ಚರ್ಚೆ. ನಾನೂ ಚಿಕ್ಕಂದಿನಲ್ಲಿ ತಂದೆಯ ಹೆಗಲ ಮೇಲೆ ಕುಳಿತು ಅದನ್ನು ಕೇಳಿದವನು. ಆ ನಂಬಿಕೆಯನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ನಾಳೆ ಏನಾದೀತು ಎಂಬ ಪ್ರಶ್ನೆಯನ್ನು ಇಷ್ಟು ಮನಸ್ಸಿಟ್ಟು ಕೇಳುವ ಸೀಮೆಯಲ್ಲಿ, ಗೊತ್ತಿಲ್ಲದ್ದನ್ನು ಕುರಿತು ಎಷ್ಟು ಖಚಿತವಾಗಿ ಮಾತಾಡಬಹುದು ಎಂಬುದರ ಮಿತಿಯನ್ನು ಗಣಿತದಿಂದ ಕಟ್ಟಿಕೊಟ್ಟವರು ಹುಟ್ಟಿದರು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ವಿದ್ಯಾರ್ಥಿಗಳ ಕುತೂಹಲ ಕೆರಳಿಸಬಲ್ಲ ಇನ್ನೊಂದು ಊರು ನನಗೆ ತಿಳಿದಿಲ್ಲ.

ಕನ್ನಡದಲ್ಲಿ ಒಂದು ತೊಡಕೂ ಇದೆ. ‘ಸಂಖ್ಯಾಶಾಸ್ತ್ರ’ ಎಂಬ ಮಾತನ್ನು ನಮ್ಮ ಪಿಯು ಪಠ್ಯಪುಸ್ತಕಗಳು ರಾವ್ ಅವರ ವಿಷಯಕ್ಕೆ ಬಳಸುತ್ತವೆ. ಪತ್ರಿಕೆಗಳ ಭವಿಷ್ಯದ ಅಂಕಣಗಳು ಅದೇ ಮಾತನ್ನು ಹುಟ್ಟಿದ ದಿನಾಂಕ ಕೂಡಿ ಅದೃಷ್ಟ ಹೇಳುವುದಕ್ಕೆ ಬಳಸುತ್ತವೆ. ಸಂಖ್ಯಾಶಾಸ್ತ್ರಜ್ಞರೊಬ್ಬರು ನಿಮ್ಮ ಊರಿನಲ್ಲಿ ಹುಟ್ಟಿದ್ದರು ಎಂದಷ್ಟೇ ಫಲಕದಲ್ಲಿ ಬರೆಸಿದರೆ, ಬಸ್ಸಿಳಿದು ಬಂದವರು ಅವರ ಮನೆ ಯಾವುದು, ಹೆಸರಿಗೆ ಒಂದು ಅಕ್ಷರ ಸೇರಿಸಿಕೊಡುತ್ತಾರೆಯೇ ಎಂದು ವಿಚಾರಿಸಿಯಾರು. ಆದ್ದರಿಂದ ಪುರಸಭೆ ಏನನ್ನೇ ಬರೆಸಲಿ, ಅವರು ಮಾಡಿದ್ದೇನು ಎಂಬ ಒಂದು ವಾಕ್ಯವನ್ನು ತಪ್ಪದೆ ಸೇರಿಸಬೇಕೆಂದೂ, ಬಾಲ್ಯದಲ್ಲಿಯೇ ಊರು ಬಿಟ್ಟರೆಂಬುದನ್ನು ಮರೆಮಾಚಬಾರದೆಂದೂ ಕೇಳಿಕೊಳ್ಳುತ್ತೇನೆ.

ನನ್ನ ಮುಖ್ಯ ಕೋರಿಕೆ ಸೆಪ್ಟೆಂಬರ್ 10ಕ್ಕೆ ಸಂಬಂಧಿಸಿದ್ದು. ಪ್ರತಿ ವರ್ಷ ಆ ದಿನ ಹಡಗಲಿಯಲ್ಲಿ, ಸಾರ್ವಜನಿಕರೂ ಬರಬಹುದಾದ ಜಾಗದಲ್ಲಿ, ರಾವ್ ಅವರ ಒಂದೇ ಒಂದು ಕೆಲಸವನ್ನು ಕುರಿತು ಕನ್ನಡದಲ್ಲಿ ಒಂದು ಗಂಟೆಯ ಉಪನ್ಯಾಸ ನಡೆಯಲಿ. ಹಾರ ತುರಾಯಿ, ಅತಿಥಿಗಳ ಸಾಲು, ಸ್ವಾಗತ ಭಾಷಣಗಳಿಗೆ ಒಟ್ಟು ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲಿಯೇ ಇದೆ. ಜಿಲ್ಲಾಧಿಕಾರಿಗಳ ಕಚೇರಿಯಿಂದ ಒಂದು ಪತ್ರ ಹೋದರೆ ಅಲ್ಲಿಂದ ಬಂದು ಮಾತಾಡುವವರು ಸಿಗುತ್ತಾರೆಂಬ ಭರವಸೆ ನನಗಿದೆ. ಆ ದಿನಕ್ಕೆ ಮೊದಲಿನ ಒಂದು ತಿಂಗಳು ಅಧ್ಯಾಪಕ ಮಿತ್ರರು ಪ್ರೌಢಶಾಲೆಯ ಮಕ್ಕಳಿಂದ ಏನಾದರೊಂದನ್ನು ಅಳೆಸಲಿ. ಹೂವಿನ ಮಾರುಕಟ್ಟೆಯ ಬೆಳಗಿನ ಧಾರಣೆ, ಶಾಲೆಯ ಅಂಗಳದಲ್ಲಿ ಬಿದ್ದ ಮಳೆ, ಹೊಳೆಯಲ್ಲಿ ನೀರಿನ ಮಟ್ಟ, ಯಾವುದಾದರೂ ಸರಿ. ಉತ್ತರದ ಜೊತೆಗೆ ಅದರಲ್ಲಿ ಎಷ್ಟು ತಪ್ಪಿರಬಹುದೆಂಬುದನ್ನೂ ಮಕ್ಕಳು ಬರೆಯಬೇಕೆಂಬುದೊಂದೇ ನಿಯಮ. ಪಿಯು ಹಂತದಲ್ಲಿ ಈ ವಿಷಯವನ್ನು ಆರಿಸಿಕೊಳ್ಳಲು ಬಯಸುವ ಹುಡುಗ ಹುಡುಗಿಯರಿಗೆ ಅದು ತಾಲೂಕಿನೊಳಗೇ ಸಿಗುವಂತೆ ನೋಡಿಕೊಳ್ಳುವುದು ಹಣದ ಕೆಲಸ, ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದನ್ನು ಬಲ್ಲೆ. ಉಪನ್ಯಾಸಕ್ಕೆ ಮಾತ್ರ ಒಂದು ಕೊಠಡಿ, ಒಂದು ಹಲಗೆ, ಸೀಮೆಸುಣ್ಣ ಸಾಕು.

1945ರ ಲೇಖನದ ವಾದವನ್ನು, ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿಗೆ ಅರ್ಥವಾಗುವಂತೆ, ಪ್ರತಿ ಹೆಜ್ಜೆಯನ್ನೂ ಬಿಡಿಸಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ರಾವ್ ಅವರ ಹನ್ನೊಂದು ಪುಟ ನನ್ನ ಕೈಬರಹದಲ್ಲಿ ನಲವತ್ತಕ್ಕೆ ಬಂದಿದೆ. ಎರಡು ಕಡೆ ನನ್ನ ವಿವರಣೆ ನನಗೇ ತೃಪ್ತಿ ಕೊಟ್ಟಿಲ್ಲ, ಅಲ್ಲಿ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ. ಅದರ ಒಂದು ಪ್ರತಿಯನ್ನು ಈ ವಾರ ಹಡಗಲಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನನ್ನ ಆ ವಿದ್ಯಾರ್ಥಿನಿ ಈಗಲೂ ಊರಿನಲ್ಲಿದ್ದರೆ, ಮೊದಲು ಓದಲು ಅವಳಿಗೇ ಕೊಡಬೇಕೆಂದು ಗ್ರಂಥಪಾಲಕರನ್ನು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಬಳ್ಳಾರಿ ಸೀಮೆಯ ಒಬ್ಬ ನಿವೃತ್ತ ಗಣಿತ ಉಪನ್ಯಾಸಕ